ಸಸಿಗೆ ಹೊದಿಸಿದ ಸೀರೆ

ಚಿನ್ನದ ಗಣಿ ಊರಿನ ಕೋರಮಂಡಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಟೊಮೇಟೊ ಸಸಿ ಬೆಳೆಸಿ ಬಂಗಾರಪೇಟೆ ಕಡೆಯ ರೈತರಿಗೆ ಮಾರುತ್ತಿದ್ದರು. ಹಿತ್ತಲ ಮಣ್ಣನ್ನು ಅವರು ನಂಬುತ್ತಿರಲಿಲ್ಲ. ತವರಿನ ಹೊಲದಿಂದ ಮಣ್ಣು ತರಿಸಿ, ಕಲ್ಲುಚಪ್ಪಡಿಯ ಮೇಲೆ ಸಸಿಮಡಿ ಮಾಡುತ್ತಿದ್ದರು. ಗಣಿಯ ಕಸ ಸುರಿದ ದಿಬ್ಬದ ನುಣ್ಣನೆಯ ಮರಳು ಬೆರೆಸಿದರೆ ಬೇರು ಸಲೀಸಾಗಿ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ, ಸಸಿಗಳ ಮೇಲೆ ಅಂಗೈ ಅಡ್ಡ ಹಿಡಿದು, "ಎಳೇ ಬಾಯಿ, ಏನ್ ಕೊಟ್ರೂ ಕುಡೀತದೆ" ಎನ್ನುತ್ತಿದ್ದರು. ಚಿನ್ನ ತೆಗೆದ ಮೇಲೆ ಉಳಿದ ಸೀಸ, ಆರ್ಸೆನಿಕ್ ಎಲ್ಲ ಆ ಮರಳಿನಲ್ಲೇ ಇತ್ತು.

ಆ ಮಾತನ್ನು ಅವರು ನಿಜಕ್ಕೂ ಎಷ್ಟು ಸಲ ಹೇಳಿದರೋ, ನನ್ನ ನೆನಪು ಎಷ್ಟು ಸೇರಿಸಿತೋ ತಿಳಿಯದು. ಆದರೆ ಬೇಸಿಗೆಯ ಒಂದು ಮಧ್ಯಾಹ್ನ ನಡೆದದ್ದು ಮಾತ್ರ ನಾನು ಕಟ್ಟಿಕೊಂಡದ್ದಲ್ಲ ಎಂದು ನಂಬಿದ್ದೇನೆ. ದಿಬ್ಬದ ದೂಳು ಎದ್ದು ನಮ್ಮ ಬೀದಿಯತ್ತ ಬರುತ್ತಿತ್ತು. ಅಕ್ಕ ಓಡಿ ಬಂದು ಮಡಿಗಳಿಗೆಲ್ಲ ಹಳೆಯ ಸೀರೆ ಹೊದಿಸಿದರು. ಕೊನೆಯ ಮಡಿಗೆ ಸೀರೆ ಸಾಲದೆ, ತಂತಿಯ ಮೇಲೆ ಒಣಗುತ್ತಿದ್ದ ಮಗಳ ಹೊಸ ಸೀರೆಯನ್ನೇ ಎಳೆದರು.

"ಅಯ್ಯೋ ಅಮ್ಮ, ನಾಳೆ ಗಂಡಿನ್ ಕಡೆಯೋರ್ ಬತ್ತಾರೆ, ಅದ್ನೇ ಉಡ್ಬೇಕು ನಾನು!"

"ನಿನ್ ಸೀರೆ ದೂಳು ಒಗೆದ್ರೆ ಓಗ್ತದೆ ಕಣೇ. ಇವುಕ್ ಒಳಗ್ ಸೇರ್ಕೊಂಡ್ರೆ ಯಾವ್ ಸೋಪ್ ಆಕ್ಲಿ?"

"ಅವ್ರು ಕೇಳಿದ್ರೆ ನೀನೇ ಜವಾಬ್ ಕೊಡು!" ಎಂದು ಬೈಯುತ್ತಲೇ ಮಗಳು ಬಂದು, ಸೀರೆ ಗಾಳಿಗೆ ಹಾರದಂತೆ ಅದರ ಇನ್ನೊಂದು ಅಂಚಿನ ಮೇಲೆ ಕುಳಿತಳು.

ಗಾಳಿ ನಿಂತಾಗ ಇಬ್ಬರ ತಲೆಯೂ ಬೂದಿ ಬಣ್ಣವಾಗಿತ್ತು. ಅಕ್ಕ ದೂಳು ಚೆಲ್ಲದಂತೆ ಸೀರೆಯನ್ನು ಒಳಮುಖ ಮಡಿಸಿ ಎತ್ತಿದರು. ಆಮೇಲೆ ಮಗಳ ಕೈ ಹಿಡಿದು, ಸಸಿಗಳಿಂದ ದೂರ, ಬೇಲಿಯಾಚೆಗೆ ಕರೆದೊಯ್ದು ಅವಳ ತಲೆ ಕೊಡವಿದರು.