ಬೈಬಲಿನ ಮೊದಲ ಪುಟದ ತೇಪೆ

ಮುಂಬಯಿಯ ಮಲಾಡಿನ ಮಳೆಗಾಲಕ್ಕೆ ದೇವರು ದಿಂಡರೆಂಬ ಭೇದವಿಲ್ಲ. ಹಾಸಿಗೆಗೆ ಹಿಡಿದ ಮುಗ್ಗಲೇ ದೇವರ ವಾಕ್ಯಕ್ಕೂ ಹಿಡಿಯುತ್ತದೆ. ತೀರಿಕೊಂಡ ಅಪ್ಪ ಉಡುಪಿಯಿಂದ ಹೊತ್ತು ತಂದಿದ್ದ ದಪ್ಪ ಬೈಬಲನ್ನು ಮೊನ್ನೆ ಫ್ಯಾನಿನ ಕೆಳಗೆ ಬಿಡಿಸಿಟ್ಟೆ. ನಮ್ಮವರ ಮನೆಗಳಲ್ಲಿ ಅದರ ಮೊದಲ ಖಾಲಿ ಹಾಳೆಯೇ ವಂಶವೃಕ್ಷ. ಹುಟ್ಟಿದವರು, ಸತ್ತವರು ಎಲ್ಲರೂ ಅಲ್ಲಿದ್ದಾರೆ. ನಮ್ಮ ಹಾಳೆಯಲ್ಲಿ ಅಪ್ಪ ಅಮ್ಮನ ಹೆಸರಿನ ಕೆಳಗೊಂದು ಕಾಗದದ ತೇಪೆಯಿತ್ತು, ಹರಿದದ್ದಕ್ಕೆ ಹಚ್ಚಿದ್ದೆಂದು ಐವತ್ತು ವರ್ಷ ನಂಬಿದ್ದೆ. ಅದು ತಾನಾಗಿ ಕಳಚಿಬಿತ್ತು. ಕೆಳಗೆ ಹಾಳೆ ಹರಿದಿರಲಿಲ್ಲ. ಅಪ್ಪನ ಮುತ್ತಿನಂಥ ಅಕ್ಷರದಲ್ಲಿ ‘ಲೀಡಿಯಾ, ಚೊಚ್ಚಲ ಮಗಳು’ ಎಂದಿತ್ತು.

ಓದುಗ ಮಿತ್ರರೇ, ಇಬ್ಬರು ಅಣ್ಣಂದಿರ ನಡುವೆ ಮನೆಗೊಬ್ಬಳೇ ಹೆಣ್ಣೆಂದು ಮೆರೆದವಳು ನಾನು. ಮಂಚದ ಮೇಲೆ ಬೀನ್ಸ್ ಬಿಡಿಸುತ್ತಿದ್ದ ಎಂಬತ್ತಾರರ ಅಮ್ಮನ ಮುಂದೆ ಹಾಳೆ ಹಿಡಿದೆ.

“ನಿನ್ನ ಅಕ್ಕ ಮಾರಾಯ್ತಿ. ಮದುವೆಗೆ ಮುಂಚೆ ಗಂಡುಮಗು ಆಯ್ತು. ನೀನಾಗ ಎರಡು ವರ್ಷದ ಕೂಸು. ಅಪ್ಪ ಅವಳನ್ನು ಹೊರಗೆ ಹಾಕಿದ್ರು, ಹೆಸರಿಗೆ ಕಾಗದ ಅಂಟಿಸಿದ್ರು, ನಿನ್ನ ಅಣ್ಣಂದಿರ ಬಾಯಿಗೂ ಬೀಗ ಹಾಕಿದ್ರು,” ಎಂದಳು ಅಮ್ಮ. “ಈಗ ಘಾಟ್ಕೋಪರಲ್ಲಿ ಇದ್ದಾಳೆ. ಬೆಳೆಹಬ್ಬದ ಏಲಂನಲ್ಲಿ ಮಿಡಿ ಉಪ್ಪಿನಕಾಯಿ ಬಾಟ್ಲಿ ಬಿಡ್ಬೇಡ ಅಂತ ನಿನ್ನತ್ರ ಪ್ರತಿವರ್ಷ ಹೇಳ್ತಿದ್ದೆ ಅಲ್ವಾ? ಅದು ಅವಳು ಹಾಕಿದ್ದು.”

ಬೆಳೆಹಬ್ಬದಂದು ಮನೆಯಿಂದ ತಂದದ್ದನ್ನು ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಏಲಂ ಕೂಗುವುದು ನಮ್ಮ ಸಭೆಯ ರೂಢಿ. ಹಟ ಹಿಡಿದು ಆ ಬಾಟಲಿಯನ್ನು ಗೆಲ್ಲುತ್ತಿದ್ದವಳು ನಾನೇ. ಅದನ್ನು ತಂದಿಟ್ಟು ಕಡೆಯ ಬೆಂಚಿನಲ್ಲಿ ಕೂರುತ್ತಿದ್ದ ನರೆಗೂದಲಿನ ಹೆಂಗಸಿಗೆ ವರ್ಷಕ್ಕೊಮ್ಮೆ ತಲೆಯಾಡಿಸಿ ಸುಮ್ಮನೆ ದಾಟಿ ಹೋಗುತ್ತಿದ್ದವಳೂ ನಾನೇ. ಅಂದು ಮಧ್ಯಾಹ್ನವೂ ಅದನ್ನೇ ಗಂಜಿಗೆ ನಂಚಿಕೊಂಡು ಉಂಡಿದ್ದೆ. ನಾಚಿಕೆಯಾಯಿತು, ಅಪ್ಪನ ಮೇಲೆ ಕೆಟ್ಟ ಸಿಟ್ಟೂ ಬಂತು.

ಕ್ರಿಸ್ಮಸ್ಸಿಗೆ ಅಪ್ಪ ಯೇಸುವಿನ ವಂಶಾವಳಿ ಓದುತ್ತಿದ್ದರು. ಇಂಥವನು ಇಂಥವನನ್ನು ಪಡೆದನೆಂಬ ಆ ಪಟ್ಟಿ ಫಾಸ್ಟ್ ಲೋಕಲ್ ರೈಲಿನಂತೆ ಓಡುತ್ತಿತ್ತು. ನಾಲ್ಕು ಕಡೆ ಮಾತ್ರ ಅವರಿಗೆ ಕೆಮ್ಮು ಬರುತ್ತಿತ್ತು. ಈಗ ಪುಟ ತಿರುವಿ ನೋಡಿದರೆ, ಕೆಮ್ಮಿದ ನಾಲ್ಕು ಕಡೆಯಲ್ಲೂ ಹೆಂಗಸರು! ಮಾವನಿಂದ ಬಸಿರಾದ ತಾಮಾರ್, ವೇಶ್ಯೆಯಾಗಿದ್ದ ರಾಹಾಬ್, ಪರದೇಶದ ವಿಧವೆ ರೂತ್, ಅರಸನ ಕಣ್ಣಿಗೆ ಬಿದ್ದ ಊರೀಯನ ಹೆಂಡತಿ. ಅವರನ್ನು ಮರೆಮಾಡುವುದು ಬರೆದವನಿಗೆ ಎಷ್ಟು ಸುಲಭವಿತ್ತು! ಅವನು ಮಾಡಲಿಲ್ಲ. ರಕ್ಷಕನು ಬಂದದ್ದು ಮಡಿಯುಟ್ಟ ರಕ್ತದಿಂದಲ್ಲ, ಈ ಎಲ್ಲರ ರಕ್ತದಿಂದ ಎಂದು ರಾಜಾರೋಷವಾಗಿ ಬರೆದಿಟ್ಟ. ಪಟ್ಟಿಯ ಕೊನೆಗೆ ಇರುವವಳು, ಗಂಡನ ಮನೆ ಸೇರುವ ಮೊದಲೇ ಗರ್ಭಿಣಿಯಾದ ಮರಿಯಳು. ಅಲ್ಲಿ ಮಾತ್ರ ಅಪ್ಪ ಕೆಮ್ಮದೆ ಕೈಮುಗಿಯುತ್ತಿದ್ದರು.

ಅಮ್ಮ ಬೀನ್ಸಿನ ತಟ್ಟೆ ಬದಿಗಿಟ್ಟು, “ರಿಕ್ಷಾ ಕರಿ,” ಎಂದಳು.

ಘಾಟ್ಕೋಪರಿನಲ್ಲಿ ಬಾಗಿಲು ತೆರೆದ ಲೀಡಿಯಕ್ಕ ಅಮ್ಮನನ್ನೂ ನನ್ನನ್ನೂ ನೋಡಿ ಬದಿಗೆ ಸರಿದು ದಾರಿ ಬಿಟ್ಟಳು. ನಾನು ಬೈಬಲನ್ನು ಬಿಡಿಸಿ ಹಿಡಿದೆ. ಅವಳು ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು.

“ಅಪ್ಪ ನನ್ನ ಹೆಸರು ಹೊಡೆದು ಹಾಕಿರ್ಲಿಲ್ವಾ?”

ಇಲ್ಲವೆಂದೆ, ಪೆನ್ನು ಕೊಟ್ಟೆ. ತೇಪೆ ಕಿತ್ತುಬಂದ ಜಾಗ ಇನ್ನೂ ತೇವವಾಗಿತ್ತು. ಅಲ್ಲೇ, ತನ್ನ ಹೆಸರಿನ ಕೆಳಗೆ, ಅವಳು ಮಗನ ಹೆಸರು ಬರೆದಳು.