ಪೈಪಿನೊಳಗಿನ ರೊಟ್ಟಿ ಹಿಟ್ಟು

ಕಟ್ಟಿಕೊಂಡಿದ್ದ ಸಿಂಕಿಗೆ ಮತ್ತೊಂದು ಪಾತ್ರೆ ಕುದಿಯುವ ನೀರು ಸುರಿದೆ. ಅದೂ ಇಳಿಯದೆ ತುಂಬಿ ನಿಂತಿತು. ಹೊಂಬಳದ ಬೀಗರು ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಬೆಟಗೇರಿಯ ನಮ್ಮ ಅಡುಗೆಮನೆಯ ತುಂಬ ಮುಸುರೆ ಪಾತ್ರೆ. ಪ್ಲಂಬರ್ ಫೋನ್ ಎತ್ತುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕುಬಿಟ್ಟರು: “ಏನವಾ, ಪೈಪಿನ್ಯಾಗ ರೊಟ್ಟಿ ಹಿಟ್ಟಿಗೆ ಎಸರು ಹಾಕಾಕತ್ತೀಯೇನ?”

ಥಟ್ಟನೆ ಹೊಳೆಯಿತು. ಹಿಟ್ಟು ನಾದಿದ ಪರಾತ ತೊಳೆಯುವುದು ದಿನವೂ ಇದೇ ಸಿಂಕಿನಲ್ಲಿ. ಬಿಸಿನೀರು ಬಿದ್ದರೆ ಜೋಳದ ಹಿಟ್ಟಿಗೆ ಜಿಗಿ ಬರುತ್ತದೆಂದು ಗೊತ್ತಿದ್ದ ನಾನೇ ಅದನ್ನು ಒಳಗೆ ಅಂಟಿಸುತ್ತಿದ್ದೆ!

ನೀರು ಆರಿದ ಮೇಲೆ ಸೆರಗು ಸಿಕ್ಕಿಸಿ, ಕೆಳಗೆ ಬಕೆಟ್ ಇಟ್ಟು, ಪೈಪಿನ ಬಾಗಿದ ತುಂಡನ್ನು ಕೈಯಿಂದಲೇ ತಿರುವಿ ಬಿಚ್ಚಿದೆ. ನೀರೆಲ್ಲ ಸುರಿದು, ಹಿಂದೆಯೇ ರೊಟ್ಟಿ ಬಡಿಯುವಷ್ಟು ದೊಡ್ಡ ಹಿಟ್ಟಿನ ಉಂಡೆ ಧೊಪ್ಪನೆ ಬಿತ್ತು. ಮತ್ತೆ ಜೋಡಿಸಿ ನಲ್ಲಿ ಬಿಟ್ಟರೆ ನೀರು ಗುಳುಗುಳು ಇಳಿದು ಹೋಯಿತು. ಬೀಗರು ಬರುವಷ್ಟರಲ್ಲಿ ಪಾತ್ರೆಗಳೆಲ್ಲ ಫಳಫಳ!

ಈಗ ಪರಾತ ತೊಳೆದ ನೀರು ಪಕ್ಕದ ಮನೆಯ ಎಮ್ಮೆಗೆ. ಓಣಿಯಲ್ಲಿ ಯಾರ ಸಿಂಕು ಕಟ್ಟಿದರೂ ಅತ್ತೆಯದು ಒಂದೇ ಮಾತು: “ಪ್ಲಂಬರ್ ಯಾಕ್ರಿ? ತಡೀರಿ, ನಮ್ಮ ಸೊಸಿನ್ನ ಕಳಸ್ತೀನಿ.”