ಒಳಲೆಯ ಮೇಲಿನ ಹೆಸರು

ಹಳ್ಳಿಮೈಸೂರಿನ ನಮ್ಮ ಮನೆಯ ಗೋಡೆಗೂಡಿನಲ್ಲಿ, ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯೊಂದು ಒಂದು ತೊಟ್ಟು ಹಾಲನ್ನೂ ಕಾಣದೆ ನಲವತ್ತು ವರ್ಷಗಳಿಂದ ಕುಳಿತಿದೆ. ಅದರ ಮೈಮೇಲೆ ‘ಜಾನಕಿ’ ಎಂದು ಕೊರೆದಿದೆ. ಆ ಹೆಸರಿನವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಮಿತ್ರರೇ, ಇದು ಕೊರೆದವನ ಪ್ರಮಾದವಲ್ಲ. ಅರಕಲಗೂಡಿಗೆ ಕೊಟ್ಟ ನನ್ನ ತಂಗಿ ಕಮಲಮ್ಮ, ತನ್ನ ಮಗುವಿಗೆ ಹೆಸರು ಆರಿಸುವ ಗೌರವವನ್ನು ಸೋದರಮಾವನಾದ ನನಗೆ ಕೊಟ್ಟಿದ್ದಳು. ನಾಮಕರಣದ ದಿನ ಹೊಳೆನರಸೀಪುರದಲ್ಲಿ ಬಸ್ಸು ಕೆಟ್ಟಿತು. ನಾನು ಅವರ ಹೊಸ್ತಿಲು ತುಳಿಯುವುದಕ್ಕೆ ಕಾಲು ಗಂಟೆ ಮುಂಚೆ, ರಾಹುಕಾಲಕ್ಕೆ ಹೆದರಿದ ಅವರ ಮನೆಯ ಹಿರಿಯರು ಮಗುವಿಗೆ ಸುಮಿತ್ರೆಯೆಂದು ಹೆಸರಿಟ್ಟು ಮುಗಿಸಿದ್ದರು. ಒಳಲೆಯನ್ನು ಚೀಲದಿಂದ ತೆಗೆಯದೆ, ಎಲೆಯ ಮುಂದೆ ಕೂರದೆ ಹಿಂತಿರುಗಿದವನು ಮತ್ತೆ ಆ ಮನೆಗೆ ಹೋಗಿಲ್ಲ.

ಆ ಸುಮಿತ್ರೆ ಈಗ ಖಗೋಳ ವಿಜ್ಞಾನಿ. ಮಂಗಳ ಗುರುಗಳ ನಡುವಣ ಪಟ್ಟಿಯಲ್ಲಿ ಸುತ್ತುವ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದಿದ್ದಾಳೆ. ಕಳೆದ ವಾರ ಬಂದು, ಅದಕ್ಕೆ ಹೆಸರು ಸೂಚಿಸೆಂದು ನನ್ನನ್ನೇ ಕೇಳಿದಳು.

“ನಿಮ್ಮವ್ವ ಹೇಳ್ಕೊಟ್ಟು ಕಳಿಸಿದ್ಲಾ?” ಎಂದೆ.

“ನಿನ್ ಬಸ್ಸು ಕೆಟ್ಟಾಗ ನಂಗೆ ಹನ್ನೊಂದ್ ದಿನ ಕಣ್ ಮಾವ. ನನ್ ಮ್ಯಾಲೂ ಸಿಟ್ಟಾ?”

“ಆ ಗ್ರಹ ಕಂಡು ಎಷ್ಟೋ ವರ್ಸ ಆಯ್ತು ಅಂತೀಯ. ಅವತ್ತೇ ಯಾಕ್ ಹೆಸ್ರಿಡ್ಲಿಲ್ಲ?”

“ಅಂಗೆಲ್ಲ ಇಡಂಗಿಲ್ಲ. ಕಾಲ್ ಗಂಟೆ ನೋಡಿ ದಾರಿ ಲೆಕ್ಕ ಆಕುದ್ರೆ ತಪ್ಪೋಯ್ತದೆ. ತಿರ್ಗಾ ತಿರ್ಗಾ ಬತ್ತದಾ ಅಂತ ಕಾಯ್ಬೇಕು. ದಾರಿ ಗಟ್ಟಿ ಆದ್ಮೇಲೆ ನಂಬರು, ಆಮ್ಯಾಕೆ ಹೆಸ್ರು.”

ಕಾಲು ಗಂಟೆಯೆಂಬ ಮಾತು ನನಗೆ ನಾಟಿತು. ನಾನು ಬಾಗಿನ ಕಳಿಸದಿದ್ದರೂ ವರ್ಷವರ್ಷವೂ ಗೌರಿಹಬ್ಬಕ್ಕೆ ತಾನೇ ಬಂದು, ಜಗಲಿಯಲ್ಲಿ ಕುಳಿತು, ನನ್ನ ಮೌನವನ್ನು ಉಂಡು ಹೋಗುತ್ತಿದ್ದ ತಂಗಿಯ ಪ್ರತಿಯೊಂದು ಬರುವಿಕೆಯನ್ನೂ ನಾನು ತಪ್ಪೊಪ್ಪಿಗೆಯೆಂದು ಭಾವಿಸಿದೆನೇ ಹೊರತು, ಅದೇ ಅವಳ ಪಥವೆಂದು ಗುರುತಿಸಲಿಲ್ಲ. ಎರಡು ವರ್ಷಗಳಿಂದ ಮಂಡಿನೋವು ಅವಳನ್ನು ಮನೆಯಲ್ಲೇ ಕೂರಿಸಿದೆ. ಇನ್ನು ಅವಳು ಬರಲಾರಳು.

ಸುಮಿತ್ರೆ ಗೂಡಿನತ್ತ ನೋಡಿದಳು. “ಜಾನಕಿ ಅಂತ್ಲೇ ಇಡನಾ?”

“ಬ್ಯಾಡ. ಕಮಲಮ್ಮ ಅಂತ ಬರಿ.”

ಅವಳು ಹೆಸರನ್ನು ಬರೆದುಕೊಂಡಳು. “ಹೆಸ್ರು ಒಪ್ಪೋದು ಬಿಡೋದು ವಿಜ್ಞಾನಿಗಳ ಸಮಿತಿಯವ್ರು ಮಾವ,” ಎಂದಳು ಆಮೇಲೆ.

ಸಮಿತಿಯ ಮಾತು ಹಾಗಿರಲಿ. ರಾಹುಕಾಲಕ್ಕೆ ಹೆದರಿದವರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಒಳಲೆಗೆ ವಿಭೂತಿ ಹಚ್ಚಿ ಉಜ್ಜಿದ್ದೇನೆ. ಯಾರದೂ ಅಲ್ಲದ ಆ ಹೆಸರು ಹೊಳೆಯುತ್ತಿದೆ. ನಾಳೆ ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಅರಕಲಗೂಡಿಗೆ ಹೊರಡುತ್ತೇನೆ. ಬಸ್ಸು ಕೆಟ್ಟರೆ ಮುಂದಿನ ಬಸ್ಸು ಹತ್ತುತ್ತೇನೆ.